ಮನೆಯಲ್ಲಿಲ್ಲದ ಸೊಸೆ

ಫೆಬ್ರವರಿ ಆರನೇ ತಾರೀಖು, ಬೆಳಿಗ್ಗೆ ಎಂಟೂಕಾಲು. ಮಳವಳ್ಳಿ ತಾಲ್ಲೂಕಿನ ಆ ಠಾಣೆಯಲ್ಲಿ ಇನ್ನೂ ಕಸ ಗುಡಿಸಿ ಮುಗಿದಿರಲಿಲ್ಲ. ಹುಣಸೆದೊಡ್ಡಿಯ ಮುದ್ದಮ್ಮ ಬರಿಗಾಲಲ್ಲಿ ಒಳಗೆ ನುಗ್ಗಿದಳು. ಸೆರಗೆಲ್ಲ ರಕ್ತ. ರಕ್ತದ ಮೇಲೆ ಬೆಲ್ಲದ ಪಾಕ ಅಂಟಿ ನೊಣ ಮುತ್ತುತ್ತಿದ್ದವು.

"ಕುಂತ್ಕೊ ತಾಯಿ, ನೀರು ಕುಡಿ" ಎಂದ ಹೆಡ್ ಕಾನ್‌ಸ್ಟೇಬಲ್ ಕೆಂಪಸಿದ್ದಯ್ಯ.

"ನೀರ್ ಯಾಕ್ಲಪ್ಪ ನಂಗೆ! ನಮ್ ಯಜಮಾನ್ರನ್ನ ಕೊಚ್ಚಾಕವ್ರೆ, ಬರ್ಕೊ ಮೊದ್ಲು!"

ಗಲಾಟೆ ಕೇಳಿ ಇನ್‌ಸ್ಪೆಕ್ಟರ್ ಅರುಂಧತಿ ಹೊರಗೆ ಬಂದರು. ಸಮಾಧಾನದ ಮಾತು ಆಕೆಗೆ ಬರುತ್ತಿರಲಿಲ್ಲ, ಬರುವ ಹಾಗೆ ನಟಿಸುತ್ತಲೂ ಇರಲಿಲ್ಲ.

"ಎಲ್ಲಿ?"

"ನಮ್ ಆಲೆಮನೇಲಿ."

"ಜೀವ ಇದ್ಯಾ?"

"ಮಂಡ್ಯದ ದೊಡ್ಡಾಸ್ಪತ್ರೆಗೆ ಒತ್ಕಂಡೋದ್ರು. ಕೈ ನೇತಾಡ್ತಿತ್ತು ಕಣಮ್ಮಾ."

"ಯಾರು ಮಾಡಿದ್ದು?"

"ಮಕಕ್ಕೆ ಟವಲ್ ಸುತ್ಕಂಡಿದ್ನಂತೆ. ಇನ್ಯಾರು, ಆ ಅಂಕಯ್ಯನೇ. ನಾಲೆ ನೀರಿನ ಸರದಿಗೆ ಮೊನ್ನೆ ಇವ್ರ ಕುತ್ಗೆ ಇಡ್ಕಂಡಿದ್ದ."

ಕೊಲೆ ಯತ್ನವೆಂದು ಎಫ್‌ಐಆರ್ ದಾಖಲಾಯಿತು. ಒಂಬತ್ತೂವರೆಗೆ ಅರುಂಧತಿ ಆಲೆಮನೆಯಲ್ಲಿದ್ದರು. ಪಂಚರ ಮುಂದೆ ಮಹಜರು ಶುರುವಾಯಿತು. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆ ಇನ್ನೂ ಬಿಸಿ ಇತ್ತು. ಪಾಕದ ಮೇಲೆ ಕೆಂಪು ನೊರೆ. ನೆಲದಲ್ಲಿ ಎಳೆದಾಡಿದ ಗುರುತು, ಒಂದು ಕಿತ್ತ ಚಪ್ಪಲಿ. ಕಬ್ಬು ಕಡಿಯುವ ಮಚ್ಚು ಸಿಗಲಿಲ್ಲ.

ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಿದ್ದ ಆಳು ಮಹದೇವು ಎಲ್ಲವನ್ನೂ ಕಂಡಿದ್ದ. ಅವನ ಮಾತಿಗೆ ತಡೆ ಇರಲಿಲ್ಲ.

"ಮೊದ್ಲೇಟು ಬುಜಕ್ಕೆ ಬಿತ್ತು ಮೇಡಂ. ಎರಡನೇದಕ್ಕೆ ಗೌಡ್ರು ಕೈ ಅಡ್ಡ ಕೊಟ್ರು. ಮಣಿಕಟ್ಟು ಅರ್ದ ಕಡ್ದೋಯ್ತು. ಅದೇ ಕೈ ಕೊಪ್ಪರಿಗೆ ಒಳಕ್ಕೆ ಬಿತ್ತು. ಅಷ್ಟಕ್ಕೂ ಬುಡ್ನಿಲ್ಲ ಆ ನನ್ಮಗ, ಕೂದ್ಲು ಇಡ್ಕಂಡು ತಲೇನೂ ಪಾಕಕ್ಕೆ ಅದ್ದೋಕೆ ನೋಡ್ದ."

"ನೀನೇನು ಮಾಡಿದೆ?"

"ಓಡ್ಬೇಕು ಅಂತಿದ್ದೆ. ಕಾಲು ಬರ್ನಿಲ್ಲ. ಸೌಟು ಕೈಲಿತ್ತು, ಕುದಿಯೋ ಪಾಕ ಮೊಗ್ದು ಎರಚ್ದೆ. ಅವನ್ ಬಲಗೈಗೆ ಬಿತ್ತು. ಹಂದಿ ಕುಯ್ದಂಗೆ ಕಿರುಚ್ಕಂಡು ಓಡೋದ."

"ಏನಾದ್ರೂ ಅಂದ್ನಾ?"

"ಒಂದ್ ಮಾತೂ ಇಲ್ಲ. ಅದೇ ಬಯ ಆಗಿದ್ದು."

ಬಿಸಿ ಪಾಕ ಚರ್ಮಕ್ಕೆ ಅಂಟಿದರೆ ಚರ್ಮವನ್ನೇ ಕಿತ್ತುಕೊಂಡು ಬರುತ್ತದೆ. ಸುಟ್ಟ ಬಲಗೈ ಹುಡುಕಿದರೆ ಆಯಿತು ಎಂದರು ಅರುಂಧತಿ. ಕಾನ್‌ಸ್ಟೇಬಲ್ ಸ್ವಾಮಿ ಮೊದಲು ಅಂಕಯ್ಯನನ್ನು ಗದ್ದೆಯಿಂದಲೇ ಎಳೆದು ತಂದ. ಅಂಗಿ ಬಿಚ್ಚಿಸಿದರು. ಕೈ ಮೇಲೆ ಕೆಸರು ಬಿಟ್ಟರೆ ಏನೂ ಇಲ್ಲ.

"ಕುತ್ಗೆ ಇಡ್ಕಂಡಿದ್ದು ದಿಟ ಮೇಡಂ" ಎಂದ ಅಂಕಯ್ಯ. "ಆದ್ರೆ ನನ್ ಕಬ್ಬೆಲ್ಲ ಅವ್ನ ಆಲೆಮನೆ ಮುಂದೆ ಒಣಗ್ತಾ ಬಿದ್ದದೆ. ಅದು ಬೆಲ್ಲ ಆಗೋಗಂಟ ಅವ್ನು ಚೆನ್ನಾಗಿರ್ಲಿ ಅಂತ ದೇವ್ರಿಗೆ ಕೈ ಮುಗಿಯೋನು ನಾನು!"

ಅವನನ್ನು ಬಿಟ್ಟು ಕಳುಹಿಸಿ, ಮಳವಳ್ಳಿಯ ಔಷಧಿ ಅಂಗಡಿಗಳನ್ನು ಒಂದೊಂದಾಗಿ ವಿಚಾರಿಸಿದರು. ಮಧ್ಯಾಹ್ನದ ಹೊತ್ತಿಗೆ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಸುಳಿವು ಸಿಕ್ಕಿತು.

"ಒಬ್ಬ ಹೆಂಗಸು ಬಂದಿದ್ರು. ಸುಟ್ಟ ಗಾಯದ ಮುಲಾಮು, ಬ್ಯಾಂಡೇಜು, ನೋವಿನ ಮಾತ್ರೆ ತಗಂಡ್ರು. ಕನ್ನಡ ಮಾತಾಡ್ತಾರೆ, ಆದ್ರೆ ನಮ್ ಥರ ಅಲ್ಲ. ಯಾವೂರಮ್ಮ ಅಂದೆ. ಲಂಕಾ ಅಂದ್ರು. ಸೊಸೆಯಾಗಿ ಬಂದವ್ರಂತೆ, ಹುಣಸೆದೊಡ್ಡಿಗೆ."

ಸ್ವಾಮಿ ಜೀಪು ಹತ್ತಿದ ಮೇಲೆ ತಾನಾಗಿಯೇ ಬಾಯಿಬಿಟ್ಟ.

"ಮೇಡಂ, ನೀವು ಈ ಠಾಣೆಗೆ ಬರೋಕ್ಮುಂಚೆ ಒಂದು ವೆರಿಫಿಕೇಶನ್ ಬಂದಿತ್ತು. ಹುಣಸೆದೊಡ್ಡಿ ಯತೀಶ್ ಕುವೈತ್‌ನಲ್ಲಿ ಡ್ರೈವರ್ ಆಗಿದ್ದಾಗ ಲಂಕೆಯೋಳ್ನ ಮದ್ವೆ ಆಗಿ ಕರ್ಕೊಂಡು ಬಂದಿದ್ದ. ಸಂದಮಾಲಿ ಅಂತ ಹೆಸರು. ಇಲ್ಲೇ ವಾಸ ಇರೋಕೆ ಅರ್ಜಿ ಹಾಕಿದ್ರು. ಮನೇಲಿ ಅವ್ಳು ಇದ್ದಾಳಾ ನೋಡಿ ಬರೆಯೋಕೆ ನಾನೇ ಹೋಗಿದ್ದೆ."

"ಏನು ಬರೆದೆ?"

"ಇಲ್ಲ ಅಂತ. ಯತೀಶನ ತಾಯಿ ಹೊಂಬಾಳಮ್ಮ ಬಾಗ್ಲಲ್ಲೇ ನಿಂತು, ನಮ್ಮನೇಲಿ ಯಾವ ಫಾರಿನ್ನೋಳೂ ಇಲ್ಲ ಅಂದ್ಲು. ಆಮೇಲೆ ಅರ್ಜಿ ತಿರಸ್ಕಾರ ಆಯ್ತು ಅಂತ ಕೇಳ್ದೆ. ಈ ತಿಂಗ್ಳು ಮುಗಿಯೋದ್ರೊಳ್ಗೆ ಅವ್ಳು ದೇಶ ಬಿಡ್ಬೇಕಂತೆ."

"ಅಕ್ಕಪಕ್ಕ ಯಾರನ್ನೂ ಕೇಳಲಿಲ್ವಾ?"

"ಒಬ್ರನ್ನ ಕೇಳ್ದೆ. 'ಮನೇಲೇ ಅವ್ಳೆ ಕಣಯ್ಯ, ನೆನ್ನೆ ನನ್ ಕಣ್ಮುಂದೆ ಬಟ್ಟೆ ಒಣಗಾಕ್ತಿದ್ಲು, ನನ್ ತಮ್ಮನ ಮನೆ ಸೊಸೆ' ಅಂದ್ರು. ಆದ್ರೆ ಆ ಎರಡು ಮನೆಗೂ ಮಾತಿಲ್ಲ, ಊರಲ್ಲಿ ಹಾಕ್ಸಿದ ಮದುವೆ ಊಟಕ್ಕೂ ಹೋಗಿರ್ಲಿಲ್ಲ ಅಂತ ಊರೋರು ಹೇಳಿದ್ರು. ಜಗಳಕ್ಕೆ ಏನೋ ಹೇಳ್ತಾರೆ ಅಂತ ಬಿಟ್ಟೆ."

"ಯಾರು ಅವ್ರು?"

"ಹೊನ್ನಯ್ಯ ಮೇಡಂ. ಬೆಳಿಗ್ಗೆ ಕೈ ಕಡಿಸ್ಕೊಂಡವ್ರು."

ಅರುಂಧತಿ ಕೇಳಿದರು: "ಆ ಮನೇಲಿ ಇಲ್ಲದ ಹೆಂಗಸು ಮುಲಾಮು ತಗೊಂಡು ಎಲ್ಲಿಗೆ ಹೋದ್ಲು ಸ್ವಾಮಿ? ಗಾಡಿ ತಿರುಗಿಸು."

ಹೊಂಬಾಳಮ್ಮ ಈ ಸಲವೂ ಬಾಗಿಲಲ್ಲೇ ನಿಂತಿದ್ದಳು.

"ಯಾರೂ ಇಲ್ಲ ಕಣವ್ವ. ನಾನೊಬ್ಳೇ."

ಒಳಗಿನ ಕೋಣೆಯ ಅಗುಳಿ ಸದ್ದು ಮಾಡಿತು. ಜೊತೆಗೆ ಬಂದಿದ್ದ ಕೆಂಪಸಿದ್ದಯ್ಯ ಒದ್ದ ಒದೆತಕ್ಕೆ ಕದ ಕಿತ್ತುಬಂತು. ಯತೀಶ್ ಎಡಗೈಯಲ್ಲಿ ಮಚ್ಚು ಬೀಸಿಕೊಂಡೇ ಹೊರಗೆ ಹಾರಿದ. ಮೊದಲ ಏಟಿಗೆ ಬಾಗಿಲ ಚೌಕಟ್ಟು ಸೀಳಿತು. ಎರಡನೆಯದು ಕೆಂಪಸಿದ್ದಯ್ಯನ ಮುಂಗೈಯನ್ನು ಮೂಳೆ ಕಾಣುವಷ್ಟು ಕೊಯ್ದಿತು. ಮೂರನೆಯದಕ್ಕೆ ಎತ್ತಿದಾಗ ಅರುಂಧತಿ ಲಾಠಿಯನ್ನು ಅವನ ಸುಟ್ಟ ಬಲಗೈ ಮೇಲೆಯೇ ಇಳಿಸಿದರು. ಬ್ಯಾಂಡೇಜು ಚರ್ಮದ ಸಮೇತ ಜಾರಿತು. ಅವನು ಒರಳುಕಲ್ಲಿಗೆ ಮುಖ ಹೊಡೆದುಕೊಂಡು ಬಿದ್ದ. ಎರಡು ಹಲ್ಲು ಮುರಿದವು. ಸ್ವಾಮಿ ಬೆನ್ನ ಮೇಲೆ ಮಂಡಿ ಊರಿ ಕೋಳ ಹಾಕಿದ. ಸಂದಮಾಲಿ ತನ್ನ ಭಾಷೆಯಲ್ಲಿ ಏನೇನೋ ಕೂಗುತ್ತ ಗಂಡನ ತಲೆಯನ್ನು ತಬ್ಬಿಕೊಂಡಳು.

"ಪೂರ್ತಿ ಮುಗುಸ್ಬೇಕಿತ್ತು ಆ ಮುದ್ಕನ್ನ!" ಯತೀಶ್ ರಕ್ತ ಉಗಿದ. "ನನ್ ಎಡ್ತಿ ಇಲ್ಲಿಲ್ಲ ಅಂತ ಪೊಲೀಸ್ರಿಗೆ ಬರ್ಸ್ಬುಟ್ಟ. ನಿಮ್ಮೋರ ಜೊತೆ ಮಾತಾಡಿದ್ನ ಟೀ ಅಂಗ್ಡಿಯೋರೆಲ್ಲ ಕಂಡವ್ರೆ. ದೊಡ್ಡಪ್ಪನಂತೆ ದೊಡ್ಡಪ್ಪ!"

"ಸ್ವಾಮಿ, ಅವರೇನು ಹೇಳಿದ್ರು ಹೇಳು" ಎಂದರು ಅರುಂಧತಿ.

ಸ್ವಾಮಿ ಹೇಳಿದ. ಇದ್ದಾಳೆ ಅಂದಿದ್ದು ಯಾರು, ಇಲ್ಲ ಅಂದಿದ್ದು ಯಾರು, ಎರಡನ್ನೂ.

"ಸುಳ್ಳು" ಎಂದ ಯತೀಶ್. ಅನ್ನುತ್ತಲೇ ತಾಯಿಯ ಕಡೆ ನೋಡಿದ.

ಹೊಂಬಾಳಮ್ಮ ಗೋಡೆ ಹಿಡಿದು ಕುಸಿದಳು. "ನೀನು ಕಬ್ಬಿನ ಲೋಡ್ ಮಡಿಕ್ಕಂಡು ಫ್ಯಾಕ್ಟ್ರಿ ತಾವ ಲೈನಲ್ಲಿದ್ದೆ ಕಣ್ಲಾ. ಪೊಲೀಸ್ನೋನು ಬಂದು ಫಾರಿನ್ನೋಳು ಎಲ್ಲಿ ಅಂದ. ಇಡ್ಕಂಡೋಯ್ತಾನೆ ಅಂತ ಇವ್ಳನ್ನ ಕೊಟ್ಗೆ ಅಟ್ಟಕ್ಕೆ ಅತ್ತಿಸ್ದೆ. ಇಲ್ಲ ಅಂದ್ರೆ ಒಂಟೋಯ್ತಾನೆ ಅಂದ್ಕಂಡೆ."

"ಆಮೇಲೆ ಯಾಕವ್ವ ಏಳ್ನಿಲ್ಲ?"

"ಅರ್ಜಿ ಆಗ್ನಿಲ್ಲ ಅನ್ನೋ ಪತ್ರ ಓದಿ ಗೋಡೆಗೆ ತಲೆ ಚಚ್ಕಂಡಲ್ಲ ನೀನು, ಅವತ್ತೇ ಬಾಯಿ ಕಟ್ಟೋಯ್ತು ಕಣ್ ಮಗ."

ಸಂಜೆ ದಸ್ತಗಿರಿ ದಾಖಲಾಯಿತು. ಮಾರನೆಯ ದಿನ ಹೊನ್ನಯ್ಯನ ಹೇಳಿಕೆ ಪಡೆಯಲು ಅರುಂಧತಿ ಮಂಡ್ಯಕ್ಕೆ ಹೋದರು. ಅವನ ಬಲಗೈಯನ್ನು ಮೊಣಕೈವರೆಗೆ ತೆಗೆದಿದ್ದರು. ಮಾತಿಲ್ಲದ ಮನೆಯ ಪರವಾಗಿ ಯಾಕೆ ಹೇಳಿದಿರಿ ಎಂದು ಕೇಳಿದರು.

"ಮಾತಿಲ್ಲ ಅಂದ್ರೆ, ಇರೋಳ್ನ ಇಲ್ಲ ಅನ್ನೋಕಾಯ್ತದಾ ಮೇಡಂ?"

ದ್ವೇಷವೆಂದು ರಿಮಾಂಡ್ ಅರ್ಜಿಯಲ್ಲಿ ಬರೆಯಬಹುದು, ಬರೆದರು ಕೂಡ. ಆದರೆ ಯತೀಶನಿಂದ ಮಚ್ಚು ಹಿಡಿಸಿದ್ದು ಭಯ. ಹೆಂಡತಿಯನ್ನು ವಿಮಾನ ಹತ್ತಿಸುವ ದಿನ ಹತ್ತಿರ ಬಂದಂತೆಲ್ಲ, ಆ ಭಯಕ್ಕೆ ಒಂದು ಮುಖ ಬೇಕಾಗಿತ್ತು. ಜಗಳವಾಡಿದ ದೊಡ್ಡಪ್ಪನ ಮುಖ ಸುಲಭವಾಗಿ ಸಿಕ್ಕಿತು.

ನ್ಯಾಯಾಂಗ ಬಂಧನಕ್ಕೆ ಕಳುಹಿಸುವಾಗ ಅವನು ಒಂದೇ ಪ್ರಶ್ನೆ ಕೇಳಿದ.

"ಮತ್ತೆ ಅರ್ಜಿ ಹಾಕ್ಬೌದಾ ಮೇಡಂ?"

"ಹಾಕ್ಬಹುದಿತ್ತು" ಎಂದರು ಅರುಂಧತಿ. "ಈ ಸಲ ನಾನೇ ಬಂದು ನೋಡ್ತಿದ್ದೆ. ಗಂಡ ಹೆಂಡತಿ ಒಂದೇ ಮನೇಲಿ ಇದ್ದಾರಾ ಅಂತ ಕೇಳ್ತಾರೆ. ಈಗ ಏನಂತ ಬರೀಲಿ, ನೀನೇ ಹೇಳು."

ವ್ಯಾನಿನ ಬಾಗಿಲು ಹಾಕಿಕೊಂಡಿತು.