ಟೈಟನ್ನಿನ ಕಂದು ಪುಡಿ

ಮಾರ್ಚ್ ಹನ್ನೊಂದು, ಬೆಳಿಗ್ಗೆ ಎಂಟು ಹತ್ತು. ಬ್ರಾಟಿಸ್ಲಾವಾದ ಠಾಣೆಗೆ ದೂರು ತಂದವಳು ರಾದ್ಕಾ ಎಂಬ ಸಂಶೋಧನಾ ವಿದ್ಯಾರ್ಥಿನಿ. ಕಳುವಾದದ್ದು ಒಂದು ಗಾಜಿನ ಸೀಸೆ. ಒಳಗೆ ಎರಡು ಚಿಟಿಕೆ ಕಂದು ಪುಡಿ.

ಇನ್‌ಸ್ಪೆಕ್ಟರ್ ಕುಬಾಲಾ ಬೆಲೆ ವಿಚಾರಿಸಿದ. ಅದು ಕೊಳ್ಳುವ ವಸ್ತುವಲ್ಲ ಎಂದಳು. ಶನಿಯ ಚಂದ್ರ ಟೈಟನ್ನಿನ ಗಾಳಿಯಲ್ಲಿರುವಂತೆ ಸಾರಜನಕಕ್ಕೆ ಮೀಥೇನ್ ಬೆರೆಸಿ, ಮುಚ್ಚಿದ ಕೊಳವೆಯಲ್ಲಿ ತೊಂಬತ್ತು ದಿನ ವಿದ್ಯುತ್ ಕಿಡಿ ಹಾರಿಸಿದ್ದಳು. ಉದುರುವ ಪುಡಿ ಹಿಡಿಯಲು ಕೆಳಗೆ ತಿರುಪಿದ್ದ ಸೀಸೆಯನ್ನು ಇಂದು ಬಿಚ್ಚಬೇಕಿತ್ತು. ಪ್ರಬಂಧಕ್ಕೆ ಐದು ವಾರ ಉಳಿದಿದೆ. ಮತ್ತೊಮ್ಮೆ ಮಾಡಲು ಸಮಯವಿಲ್ಲ.

ದೂರು ದಾಖಲಾಯಿತು. ಒಂಬತ್ತೂವರೆಗೆ ಪ್ರಯೋಗಾಲಯದಲ್ಲಿ ಮಹಜರು. ಕಿಟಕಿ ಒಡೆದಿತ್ತು.

"ಕಳ್ಳ ಬಲು ಸಾಚಾ ಸಾರ್," ಎಂದ ಕಾನ್ಸ್‌ಟೇಬಲ್ ಒಂದ್ರುಷ್. "ಕಂಪ್ಯೂಟರ್ ಬಿಟ್ಟು ಮಸಿ ಕದ್ದಿದಾನೆ."

ಕೊಳವೆಗೆ ಕರೆಂಟು ಹರಿಸುವ ಲೋಹದ ಕಡ್ಡಿಗೆ ಮರದ ಹಿಡಿಯ ತಾಮ್ರದ ಕೊಕ್ಕೆಯೊಂದು ನೇತುಬಿದ್ದಿತ್ತು. ಕುಬಾಲಾ ಅದನ್ನು ತೋರಿಸಿದ. ಸ್ವಿಚ್ ಆರಿಸಿದ ಮೇಲೂ ಉಳಿಯುವ ವಿದ್ಯುತ್ತನ್ನು ನೆಲಕ್ಕಿಳಿಸುವ ಕೊಕ್ಕೆ, ಎಂದಳು ರಾದ್ಕಾ. ಈಗ ಆ ಕೆಲಸಕ್ಕೆ ಒತ್ತುವ ಗುಂಡಿಯೇ ಇದೆ. ಹೊಸಬರು ಯಾರೂ ಕೊಕ್ಕೆ ಮುಟ್ಟುವುದಿಲ್ಲ. ಅಷ್ಟರಲ್ಲೇ ಅವಳ ಮಾತು ನಿಂತಿತು.

"ಹಳಬರು?"

"ಹ್ರುಷ್ಕಾ ಮಾವ ಒಬ್ರೇ."

ಪ್ರಯೋಗಾಲಯದವರೆಲ್ಲ ಮಾವ ಎನ್ನುವ ಹ್ರುಷ್ಕಾ ಅಲ್ಲಿ ಕೊಳವೆ ಜೋಡಿಸುವ ತಂತ್ರಜ್ಞ. ಮೂವತ್ತೆಂಟು ವರ್ಷದ ಸೇವೆ, ಮೇ ತಿಂಗಳಲ್ಲಿ ನಿವೃತ್ತಿ. ಮಧ್ಯಾಹ್ನ ಎರಡಕ್ಕೆ ಅವನ ಮನೆಯ ಉಗ್ರಾಣದಲ್ಲಿ, ಉಪ್ಪಿನಲ್ಲಿಟ್ಟ ಎಲೆಕೋಸಿನ ಭರಣಿಗಳ ಹಿಂದೆ ಸೀಸೆ ಸಿಕ್ಕಿತು. ಮುಚ್ಚಳ ಭದ್ರವಾಗಿತ್ತು.

"ಕದಿಯೋಕೆ ಬಂದೋರು ಕೊಕ್ಕೆ ಯಾಕೆ ಹಾಕಿದ್ರಿ?" ಎಂದ ಕುಬಾಲಾ.

"ಬೆಳಿಗ್ಗೆ ಮೊದ್ಲು ಅದಕ್ಕೆ ಕೈ ಹಾಕೋಳು ಅವಳೇ ಅಲ್ವಾ. ಹಾಗೇ ಬಿಟ್ಟು ಬರೋಕಾಗ್ಲಿಲ್ಲ."

ಉಳಿದದ್ದನ್ನು ಅವನು ತಾನಾಗಿ ಹೇಳಿದ. ಕೊಳವೆಗೆ ತಾನು ಹಾಕಿದ್ದ ವಾಷರ್ ಸೀಳಿ ಹೊರಗಿನ ಗಾಳಿ ನುಗ್ಗಿತ್ತು. ಪುಡಿಯನ್ನು ಪರೀಕ್ಷಿಸಿದರೆ ಅದು ಬಯಲಾಗುತ್ತಿತ್ತು. ಕಿಟಕಿ ಒಡೆದದ್ದು ಹೊರಗಿನವರ ಕೆಲಸವೆನಿಸಲಿ ಎಂದು.

ಸೀಸೆ ಗುರುತಿಸಲು ಬಂದ ರಾದ್ಕಾ ಅದನ್ನು ಮುಟ್ಟಲೂ ಇಲ್ಲ. "ಯಾವತ್ತಿಂದ ಮಾವ?"

"ಎಪ್ಪತ್ತನೇ ದಿನ. ಒತ್ತಡದ ಮುಳ್ಳು ಕೂದಲೆಳೆಯಷ್ಟು ಸರೀತು. ನಾನೊಬ್ನೇ ನೋಡ್ದೆ."

ಅವಳು ತಾರೀಖನ್ನು ಅಂಗೈ ಮೇಲೆ ಬರೆದುಕೊಂಡಳು. ಅಲ್ಲಿಯವರೆಗೆ ದಿನವೂ ತೆಗೆದ ಅನಿಲದ ಅಳತೆಗಳು ಕೆಟ್ಟಿಲ್ಲ. ಪ್ರಬಂಧ ತೆಳ್ಳಗಾದರೂ ಉಳಿಯುತ್ತದೆ. ಅಂದೇ ಹೇಳಿದ್ದರೆ ಹೊಸ ವಾಷರ್ ಹಾಕಿ, ಕಡಿಮೆ ದಿನದ್ದಾದರೂ, ಮತ್ತೆ ಶುರು ಮಾಡಬಹುದಿತ್ತು. ಅದನ್ನು ಅವಳು ಆಡಲಿಲ್ಲ.

ನಾಲ್ಕು ಹತ್ತಕ್ಕೆ ಬಂಧನ. ಉದ್ದೇಶದ ಜಾಗದಲ್ಲಿ ಕುಬಾಲಾ 'ತಪ್ಪು ಮುಚ್ಚಿಡಲು' ಎಂದು ಬರೆದ. ಮೂವತ್ತೆಂಟು ವರ್ಷ ಒಂದು ಕೊಳವೆಯನ್ನೂ ಸೋರಗೊಡದವನಿಗೆ, ಸೋರಿದೆ ಎಂಬ ಒಂದು ಮಾತನ್ನು ಬಾಯಿಬಿಟ್ಟು ಹೇಳಲು ಇಪ್ಪತ್ತು ದಿನ ಸಾಲದೆ ಹೋಗಿತ್ತು.