ಮೊದಲನೇ ಗುಟುಕು

"ಒಂದೂರಾಗ ಒಬ್ಬಾಕಿ ರಾಜಕುಮಾರಿ ಇದ್ದಳಂತ. ಆಕಿಗೆ ಭಾಳ ಬಾಯಾರಿಕಿ ಆಗಿತ್ತಂತ. ಅರಮನಿ ತುಂಬ ಹೂಜಿ, ಹೂಜಿ ತುಂಬ ನೀರು... ಆದರ ಕುಡಿಯಾಕ ಬರೂದಿಲ್ಲ! ಯಾಕಂದ್ರ ಆಕಿ ಜೀವಾ ಒಬ್ಬ ರಾಜಕುಮಾರನ ಅಂಗೈಯಾಗ ಇತ್ತಂತ. ಅಂವ ಬರಬೇಕು, ಅಂಗೈ ತೋರಿಸಬೇಕು, ಆಗ ಆಕಿ ಗಂಟಲಾಗ ನೀರು ಇಳೀಬೇಕು..."

ಮುಗದ ಊರಿನ ಈರವ್ವಜ್ಜಿ ಪ್ರತಿ ಸಲ ಇಲ್ಲಿಗೆ ಬಂದು ನಿಲ್ಲಿಸುತ್ತಿದ್ದಳು. ನಿಲ್ಲಿಸಿ, ಮೊಮ್ಮಗಳು ದಾಕ್ಷಾಯಿಣಿಯ ಮುಖ ನೋಡುತ್ತಿದ್ದಳು.

ಬೇರೆ ಯಾವ ಕಥೆಯಾದರೂ ದಾಕ್ಷಾಯಿಣಿ ಸುಮ್ಮನಿರುವವಳಲ್ಲ. "ಮುಂದ? ಮುಂದ ಏನಾತಜ್ಜಿ?" ಎಂದು ಜೀವ ತಿನ್ನುತ್ತಿದ್ದಳು. ಈ ಕಥೆಗೆ ಮಾತ್ರ ಮುಖ ಗೋಡೆಗೆ ತಿರುಗಿಸಿಬಿಡುತ್ತಿದ್ದಳು.

ಏಕೆಂದರೆ ಆ ರಾಜಕುಮಾರ ಯಾರೆಂದು ಅವಳಿಗೆ ಗೊತ್ತಿತ್ತು...

ಅವನನ್ನು ಅವಳು ಮೊದಲ ಸಲ ಕಂಡದ್ದು ರಾಯಾಪುರದ ಕುಸ್ತಿ ತಾಲೀಮಿನ ಹಿಂದಿನ ಬಯಲಿನಲ್ಲಿ. ನೆತ್ತಿ ಸುಡುವ ಬಿಸಿಲು. ಅವಳ ಮೈಮೇಲೆ ಸ್ವೆಟರ್, ಅದರ ಮೇಲೆ ರೇನ್‌ಕೋಟು! ಹಾಗೇ ಓಡುತ್ತಿದ್ದಳು. ನಡುನಡುವೆ ನಿಂತು ಒಂದು ಡಬ್ಬಿಯಲ್ಲಿ ಉಗುಳುತ್ತಿದ್ದಳು.

"ಏನ್ ಮಾಡಾಕತ್ತೀರಿ ನೀವು?"

ಎದುರಿಗೆ ಒಬ್ಬ ತೆಳ್ಳಗಿನ ಹುಡುಗ. ಕನ್ನಡಕ. ಇಸ್ತ್ರಿ ಅಂಗಿ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ.

"ತೂಕಾ ಇಳಸಾಕತ್ತೇನ್ರಿ. ಕಾಣವಲ್ದು?"

"ಬೆವರಿನಾಗ ಕೊಬ್ಬು ಹೋಗೂದಿಲ್ರಿ, ನೀರು ಹೋಗ್ತೈತಿ. ನೀರು ಹೋದ್ರ ರಕ್ತ ಗಟ್ಟಿ ಆಗ್ತೈತಿ, ಎದಿ ದಣೀತೈತಿ... ಮೊದಲು ಆ ಕೋಟು ತೆಗೀರಿ!"

"ನೀವ್ಯಾರ್ರಿ ಹೇಳಾಕ? ಡಾಕ್ಟರೇನು?"

"ಅಲ್ಲ. ಊಟದ ಸಲಹಾ ಕೊಡಾಂವ. ಇವತ್ತಿನಿಂದ ನಿಮ್ಮ ತಾಲೀಮಿಗೆ ಬರ್ತೇನಿ. ಶಿವಯೋಗೀಶ ಅಂತ, ವಿದ್ಯಾನಗರದಾಂವ."

ಬೇವಿನ ಗಿಡದ ಕೆಳಗೆ ಕಾಲು ಚಾಚಿ ಕೂತಿದ್ದ ಜೋಡಿ ಪೈಲ್ವಾನ್ ಮುಸ್ಕಾನ್ ಕೂಗಿದಳು, "ಅಕ್ಕಾ, ಊಟದ ಮಾಸ್ತರು ಬಂದಾರ! ತುಟಿ ವರಸ್ಕೋ, ಇಲ್ಲಂದ್ರ ಉಗುಳಿಗೂ ಲೆಕ್ಕಾ ಕೇಳ್ತಾರ!"

ದಾಕ್ಷಾಯಿಣಿಗೆ ನಗು ಬಂತು. ಸಿಟ್ಟೂ ಬಂತು. ಅವನು ಮಾತ್ರ ನಗಲಿಲ್ಲ. ಅವಳ ಒಡೆದ ತುಟಿಯನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಮಾಸ್ತರಿಕೆ ಇರಲಿಲ್ಲ... ನೋವಿತ್ತು!

'ಇಷ್ಟು ಜನಾ ನನ್ನ ತೂಕಾ ನೋಡ್ಯಾರ. ತುಟಿ ಯಾರು ನೋಡಿದ್ರು?' ಎನ್ನಿಸಿತು ಅವಳಿಗೆ.

ಅವಳ ಸಹಜ ತೂಕ ಐವತ್ತೇಳು ಕಿಲೋ. ಆದರೆ ಆ ತೂಕದಲ್ಲಿ ಮುಸ್ಕಾನ್ ಇದ್ದಳು. ಒಂದೇ ತಾಲೀಮಿನ ಇಬ್ಬರು ಎದುರುಬದುರು ನಿಲ್ಲಬಾರದು ಎನ್ನುವುದು ಅಲ್ಲಿಯ ಹಳೇ ಪದ್ಧತಿ. ಹಾಗಾಗಿ ಕುಸ್ತಿ ಕಲಿಸುವ ವಸ್ತಾದ ಮಹಾಂತಯ್ಯನವರು ದಾಕ್ಷಾಯಿಣಿಯ ಹೆಸರನ್ನು ಐವತ್ತಮೂರು ಕಿಲೋಕ್ಕೆ ಕೊಟ್ಟಿದ್ದರು. ಗೆದ್ದರೆ ರಾಜ್ಯ ತಂಡ! ಅವಳ ಇಡೀ ಬದುಕಿನ ಕನಸು.

"ಹುಡುಗೀನ ಯಾಕ ಒಣಗಸ್ತೀರಿ ವಸ್ತಾದ್ರ?" ಎಂದು ಶಿವಯೋಗೀಶ ಕೇಳಿದ್ದಕ್ಕೆ ಅವರು ಮೀಸೆ ತಿರುವಿದರು.

"ನಮ್ಮ ಕಾಲದಾಗ ನಾವೂ ಒಣಗೇವಿ ತಮ್ಮಾ. ಸತ್ತೇವೇನು?"

ಶಿವಯೋಗೀಶ ಬೇಡವೆಂದರೂ ದಾಕ್ಷಾಯಿಣಿ ಕೇಳಲಿಲ್ಲ. ಕಡೆಗೆ ಅವನೇ ಸೋತ. "ಇಳಸೂದs ಖರೇ ಅಂದ್ರ, ತಿಂದು ಇಳಸ್ರಿ" ಎಂದ.

ಹಾಗೆ ಶುರುವಾಯಿತು ಅವರ ಜಗಳದಂಥ ಸ್ನೇಹ!

"ಮುಂಜಾನೆ ಎದ್ದ ಕೂಡಲೇ ನೀರು ಕುಡೀರಿ."

"ಆಗೂದಿಲ್ರಿ. ಲಿಂಗಪೂಜಿ ಆಗೂತನಕ ನಾ ಹನಿ ನೀರು ಮುಟ್ಟೂದಿಲ್ಲ. ಸಣ್ಣಾಕಿದ್ದಾಗಿಂದ ಅಜ್ಜಿ ಹಾಕಿದ ರೂಢಿ. ನಿಮ್ಮನ್ಯಾಗ ಇಲ್ಲೇನು?"

"ನಮ್ಮ ಮನ್ಯಾಗ ಲಿಂಗ ದೇವರ ಕ್ವಾಣ್ಯಾಗ ಇರ್ತೈತ್ರಿ. ನಾ ಕೊರಳಾಗ ಕಟ್ಕೊಳ್ಳೂದಿಲ್ಲ" ಎಂದು ಅವನು ನಾಚಿಕೊಂಡ. "ಆತು... ಪೂಜಿ ಮೊದಲು, ನೀರು ಆಮ್ಯಾಲೆ. ಆದರ ಪೂಜಿ ಲಗೂ ಮಾಡ್ರಿ!"

ಮೊಳಕೆ ಹೆಸರು, ಅರ್ಧ ರೊಟ್ಟಿ, ಪುಂಡಿಪಲ್ಯ, ತಾಲೀಮು ಮುಗಿದ ಮೇಲೆ ಮೊಸರು. ಈರವ್ವಜ್ಜಿ ಊರಿಂದ ಕಳಿಸಿದ ತುಪ್ಪದ ಡಬ್ಬಿಯನ್ನು ಅವನು ಕಿತ್ತುಕೊಂಡು ಮುಸ್ಕಾನ್ ಕೈಗೆ ಕೊಟ್ಟಾಗ ದಾಕ್ಷಾಯಿಣಿ ಅತ್ತೇಬಿಟ್ಟಳು. ತುಪ್ಪಕ್ಕಲ್ಲ... ಹಸಿವಿಗೆ.

"ಅಳಬ್ಯಾಡ್ರಿ" ಎಂದ ಅವನ ದನಿ ಮೆತ್ತಗಾಗಿತ್ತು. "ತೂಕಾ ಮಾಡಿದ ಮ್ಯಾಲೆ ಪಂದ್ಯಕ್ಕ ಎರಡು ತಾಸು ಇರ್ತಾವ. ನೀವು ತಕ್ಕಡಿ ಇಳದು ಪೂಜಿ ಮುಗಸ್ರಿ. ಜ್ವಾಳದ ಅಂಬಲಿ, ಮಜ್ಜಿಗಿ, ಉಪ್ಪು... ನಾನs ಕಾಸ್ಕೊಂಡು ತಂದಿರ್ತೇನಿ. ಮೊದಲನೇ ಗುಟುಕು ನನ್ನ ಕೈಲೆ. ಮಾತು ಕೊಡ್ತೇನಿ."

ಅವಳು ಕಣ್ಣೊರೆಸಿಕೊಂಡಳು. "ಮಾತಿಗೆ ತಪ್ಪಿದ್ರ?"

"ನೀವು ಕುಡಿಯೂತನಕ ನಾನೂ ಕುಡಿಯಂಗಿಲ್ಲ. ಸಾಕೇನ್ರಿ?"

ಅವಳು ನಾಚಿ ತಲೆ ತಗ್ಗಿಸಿದಳು.

ಆಯ್ಕೆ ಪಂದ್ಯದ ಮುಂಜಾವು ಬಂತು. ತೂಕದ ಕೋಣೆಗೆ ಹೋದ ದಾಕ್ಷಾಯಿಣಿ ಸ್ವಲ್ಪ ಹೊತ್ತಿಗೇ ಬಾಗಿಲಿಗೆ ಬಂದಳು. ಮುಖ ಬಿಳಿಚಿತ್ತು. ತುಟಿಯ ಮೇಲೆ ರಕ್ತ ಕರೆಗಟ್ಟಿತ್ತು.

"ಇನ್ನೂ ಚೂರು ಹೆಚ್ಚೈತಂತ... ಕ್ಲಿಪ್ ತೆಗದೆ, ಮೂಗಬಟ್ಟು ತೆಗದೆ. ಆದರೂ..."

ಅವಳ ಕೈ ಕೊರಳಿಗೆ ಹೋಯಿತು. ಲಿಂಗ ಇಟ್ಟಿದ್ದ ಬೆಳ್ಳಿಯ ಕರಡಿಗೆ! ಎಂದೂ ಮೈಬಿಟ್ಟು ತೆಗೆದವಳಲ್ಲ. ಕುಸ್ತಿ ಆಡುವಾಗ ಮಾತ್ರ ವಸ್ತಾದರ ಕೈಗೆ ಕೊಟ್ಟು, ಮುಗಿದ ಕೂಡಲೇ ಕಟ್ಟಿಕೊಳ್ಳುತ್ತಿದ್ದಳು. ಇಂದು ತೂಕದ ಅಧಿಕಾರಿಗಳ ಸುತ್ತ ವಸ್ತಾದರು ಓಡಾಡುತ್ತಿದ್ದರು. ಮುಸ್ಕಾನ್ ಕೂಡ ಒಳಗೆ ಸಾಲಿನಲ್ಲಿದ್ದಳು.

ದಾಕ್ಷಾಯಿಣಿ ಕಣ್ಣು ಮುಚ್ಚಿ, ಕರಡಿಗೆ ತೆಗೆದು, ಶಿವಯೋಗೀಶನ ಎಡ ಅಂಗೈಯಲ್ಲಿಟ್ಟಳು.

"ಕೆಳಗ ಇಡಬ್ಯಾಡ್ರಿ. ಕಿಸೆದಾಗೂ ಬ್ಯಾಡ. ನಾ ಬರೂತನಕ ಅಂಗೈಯಾಗs ಇರಲಿ."

"ಇಲ್ಲೇ ನಿಂತಿರ್ತೇನಿ" ಎಂದ ಅವನು.

ಆದರೆ ಅವಳ ಬೆರಳು ಅವನ ಅಂಗೈಗೆ ತಾಗಿತ್ತಲ್ಲ... ಆ ಬೆರಳು ಹೆಣದ ಕೈಯಂತೆ ತಣ್ಣಗಿತ್ತು! ಅವಳ ಮಣಿಕಟ್ಟಿನಲ್ಲಿ ನಾಡಿ ಹುಚ್ಚೆದ್ದು ಓಡುವುದು ಕಣ್ಣಿಗೇ ಕಾಣುತ್ತಿತ್ತು!

'ಈಕಿ ಇವತ್ತು ಆಡಿದ್ರ ಉಳಿಯೂದಿಲ್ಲ...' ಎಂದು ಅವನು ಹೆದರಿದ.

ಅವಳು ಒಳಗೆ ಹೋದದ್ದೇ ತಡ, ಅಂಬಲಿಯ ಬಾಟಲಿಯನ್ನು ಆಗಷ್ಟೇ ಹೊರಬಂದ ವಸ್ತಾದರ ಕೈಗೆ ತುರುಕಿದ. "ಹೊರಗ ಬಂದ ಕೂಡಲೇ ಕುಡಸ್ರಿ, ನಾ ಡಾಕ್ಟರನ್ನ ಕರಕೊಂಡ ಬರ್ತೇನಿ" ಎಂದು ಓಡಿದ. ವೈದ್ಯರು ಕೂತಿದ್ದದ್ದು ಮೈದಾನದ ಆ ತುದಿಯಲ್ಲಿ, ಗೇಟಿನಾಚೆ.

ಬಾಟಲಿ ಬಿಟ್ಟುಹೋದ. ಆ ಬಾಟಲಿಯ ಬೀಗದ ಕೈಯಂತಿದ್ದ ಕರಡಿಗೆ ಮಾತ್ರ ಅವನ ಅಂಗೈಯಲ್ಲೇ ಹೋಯಿತು!

ಅದು ಅವನಿಗೆ ಹೊಳೆದದ್ದು ವೈದ್ಯರ ಮುಂದೆ ನಿಂತು, "ಆಕಿ ಹೆಸರು ತೆಗೀರಿ ಸಾಹೇಬ್ರ" ಎಂದು ಬೇಡಿಕೊಳ್ಳುವಾಗ. "ತರಬೇತಿದಾರರು ಬಂದು ಹೇಳಲಿ" ಎಂದುಬಿಟ್ಟರು ಅವರು. ತಿರುಗಿ ಓಡಿ ಬಂದ. ಅಷ್ಟರಲ್ಲಿ ಗೇಟು ಹಾಕಿತ್ತು.

"ಪಾಸ್ ಎಲ್ಲೈತಿ? ಪಾಸ್ ಇಲ್ದ ಬಿಡೂದಿಲ್ಲ."

"ಅಣ್ಣಾ, ಕಾಲ ಹಿಡೀತೇನಿ... ಒಳಗ ಒಬ್ಬಾಕಿ ನೀರು ಕುಡಿದಿಲ್ಲ!"

"ಒಳಗ ನಳಾ ಐತಿ, ಕುಡೀತಾಳ ತಗೋ" ಎಂದು ಕಾವಲುಗಾರ ಬೆನ್ನು ತಿರುಗಿಸಿದ. ಪಂದ್ಯ ಶುರುವಾಗುವ ತನಕ ಗೇಟು ತೆಗೆಯಲೇ ಇಲ್ಲ.

ಒಳಗೆ ದಾಕ್ಷಾಯಿಣಿ ತೂಕ ಗೆದ್ದು ಹೊರಬಂದಳು. ಅವನಿಲ್ಲ!

"ಕುಡಿ ಅಕ್ಕಾ... ಅಲ್ಲಾನ ಆಣಿ, ಒಂದ ಗುಟುಕು ಕುಡಿ!" ವಸ್ತಾದರು ಕೊಟ್ಟ ಬಾಟಲಿ ಮುಂದೆ ಹಿಡಿದು ಮುಸ್ಕಾನ್ ಅತ್ತಳು.

"ಲಿಂಗ ಮೈಮ್ಯಾಲಿಲ್ಲ. ಪೂಜಿ ಆಗಿಲ್ಲ. ಹೆಂಗ ಕುಡೀಲೇ? ತಡಿ, ಅವರು ಬರ್ತಾರ. ಇಲ್ಲೇ ನಿಂತಿರ್ತೇನಿ ಅಂದಾರ."

ಕಾದಳು... ಬಾಗಿಲು ನೋಡುತ್ತಾ, ನೋಡುತ್ತಾ ಕಾದಳು. ಕೊನೆಗೆ ಮೈಕಿನಲ್ಲಿ ಅವಳ ಹೆಸರು ಬಂತು.

ಎದುರಾಳಿ ಹಿಡಿತ ಹಾಕುವ ಮೊದಲೇ ಅವಳು ಮ್ಯಾಟಿನ ಮೇಲೆ ಕುಸಿದಳು.

ಎಚ್ಚರವಾದಾಗ ಆಸ್ಪತ್ರೆ. ಕರಡಿಗೆ ಕೊರಳಲ್ಲಿತ್ತು. ಮಂಚದ ಪಕ್ಕ ಅಜ್ಜಿ. ಮೂತ್ರಪಿಂಡಗಳಿಗೆ ಪೆಟ್ಟಾಗಿದೆ, ಇನ್ನು ಕುಸ್ತಿ ಇಲ್ಲ, ಉಪ್ಪು ಕೂಡ ಮುಟ್ಟಬಾರದು ಎಂದರು ಡಾಕ್ಟರು.

ಇನ್ನು ಕುಸ್ತಿ ಇಲ್ಲ!

"ನಿನ್ನ ಹೆಸರು ತೆಗಸಾಕ ಹೋಗಿದ್ದನವಾ ಅಂವ" ಎಂದರು ಮಹಾಂತಯ್ಯ, ನೆಲ ನೋಡುತ್ತಾ. "ಮೈದಾನದ ಡಾಕ್ಟರೇ ಹೇಳಿದ್ರು."

ಅವಳೊಳಗೆ ಎಲ್ಲ ತಾಳೆಯಾಯಿತು. ತಪ್ಪು ತಾಳೆ! ಮೊದಲಿನಿಂದಲೂ ಬೇಡ ಬೇಡ ಎಂದವನು ಅವನೇ. ಲಿಂಗ ಒಯ್ದರೆ ನೀರು ಕುಡಿಯುವುದಿಲ್ಲ ಎಂದು ಗೊತ್ತಿದ್ದವನೂ ಅವನೇ...

ಮರುದಿನ ಅವನು ಬಾಗಿಲಲ್ಲಿ ಕಂಡ. ಒಂದೇ ರಾತ್ರಿಗೆ ಮುಖ ಇಳಿದುಹೋಗಿತ್ತು.

"ಬೇಕಂತಲೇ ಒಯ್ದ್ರಿ ಅಲ್ಲ?" ಅವಳ ದನಿ ಹರಿದಿತ್ತು. "ನಾ ಆಡಬಾರದಂತ, ನನ್ನ ದೇವರನ್ನs ಒಯ್ದ್ರಿ! ನಂಬಿ ಕೊಟ್ಟಿದ್ನಲ್ರಿ!"

'ಬೇಕಂತ ಅಲ್ಲ' ಎಂದು ಹೇಳಬಹುದಿತ್ತು ಅವನು. ಆದರೆ ಕಣ್ಣ ಮುಂದಿದ್ದ ಅವಳ ಊದಿದ ಮುಖ, ಚುಚ್ಚಿದ ಸೂಜಿಗಳು... 'ಬೇಕಂತ ಮಾಡಿದ್ರೇನು, ಮರತು ಮಾಡಿದ್ರೇನು? ಮಾಡಿದಾಂವ ನಾನs' ಎಂದುಕೊಂಡು ಸುಮ್ಮನೆ ನಿಂತ.

"ನಿಮ್ಮ ಮುಖಾ ತೋರಸಬ್ಯಾಡ್ರಿ ನನಗ."

ಅವನು ಹೋದ. ಒಂದು ಮಾತೂ ಆಡದೆ ಹೋದ! ಆ ಮೌನ ಅವಳಿಗೆ ತಪ್ಪೊಪ್ಪಿಗೆಯಂತೆ ಕಂಡಿತು.

ಅದಾಗಿ ಒಂದು ವರ್ಷ. ತಾಲೀಮಿನಲ್ಲಿ ಸಣ್ಣ ಹುಡುಗಿಯರಿಗೆ ಪಟ್ಟು ಹೇಳಿಕೊಡುತ್ತಿದ್ದ ದಾಕ್ಷಾಯಿಣಿ ಒಂದು ಮಧ್ಯಾಹ್ನ ಬಯಲಿನ ಕಡೆ ನೋಡಿ ನಡುಗಿದಳು. ಬಿಸಿಲಲ್ಲಿ ಯಾರೋ ರೇನ್‌ಕೋಟು ಹಾಕಿಕೊಂಡು ಓಡುತ್ತಿದ್ದರು.

ಮುಸ್ಕಾನ್!

"ಐವತ್ತಮೂರರ ಜಾಗಾ ಖಾಲಿ ಐತಲ್ಲವಾ, ಅದಕ್ಕ..." ವಸ್ತಾದರ ಮಾತು ಅರ್ಧಕ್ಕೇ ನಿಂತಿತು. ದಾಕ್ಷಾಯಿಣಿ ಓಡಿಹೋಗಿ ಮುಸ್ಕಾನಳ ಮೈಮೇಲಿನ ಕೋಟು ಎಳೆದು ಹರಿದಿದ್ದಳು.

"ಬೆವರಿನಾಗ ಕೊಬ್ಬು ಹೋಗೂದಿಲ್ಲ ವಸ್ತಾದ್ರ! ನೀರು ಹೋಗ್ತೈತಿ! ನನ್ನ ನೋಡ್ರಿ... ನೋಡ್ರಿ ಒಂದ ಸಲ!"

ಮಹಾಂತಯ್ಯನವರು ನೋಡಲಾರದೆ ಹೆಗಲ ಮೇಲಿನ ಕೆಂಪು ವಸ್ತ್ರದಿಂದ ಮುಖ ಮುಚ್ಚಿಕೊಂಡರು.

ಅವಳಿಗೆ ಥಟ್ಟನೆ ಅರಿವಾಯಿತು. ತನ್ನ ಬಾಯಿಂದ ಬಂದದ್ದು ಅವನ ಮಾತು. ಮುಸ್ಕಾನಳನ್ನು ತಡೆಯಲು ತಾನು ಓಡಿದ ಓಟ... ಅದೂ ಅವನದೇ ಓಟ!

ಸಂಜೆ ಮುಗದಕ್ಕೆ ಬಂದಾಗ ಅಜ್ಜಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ದಾಕ್ಷಾಯಿಣಿ ಅವಳ ಮಗ್ಗುಲಲ್ಲಿ ಕುಸಿದು ಕೂತಳು.

"ಅಜ್ಜಿ... ಆ ಕತಿ. ಮುಂದ ಏನಾತು?"

ಮೊರ ನಿಂತಿತು.

"ರಾಜಕುಮಾರಿ ಎಚ್ಚರ ತಪ್ಪಿ ಮಲಗಿದ್ಲು. ರಾಜಕುಮಾರ ದವಾಖಾನಿ ಬಾಗಲದಾಗ ನಿಂತಿದ್ದ. ಮುಂಜಾನಿಂದ ಸಂಜೀತನಕ..."

"ಕತ್ಯಾಗ ದವಾಖಾನಿ ಎಲ್ಲಿಂದ ಬಂತಜ್ಜಿ?"

"ಅಂವನ ಹೆಸರು ಎತ್ತಿದ್ರ ನೀ ಎದ್ದ ಹೋಗ್ತಿದ್ದೆಲ್ಲ, ಅದಕ್ಕs ಕತಿ ಮಾಡೇನಿ!" ಅಜ್ಜಿ ಗದರಿದಳು. "ಸಂಜೀ ಬಸ್ಸಿಗೆ ನಾ ಬಂದೆ. ಅಂವ ಹಿಂಗs ಅಂಗೈ ಎದಿಗೆ ಹಚ್ಕೊಂಡು ನಿಂತಿದ್ದ. ಕರಡಿಗಿ ಇಸ್ಕೊಂಡು ನಾನs ನಿನ್ನ ಕೊರಳಿಗೆ ಕಟ್ಟಿದೆ. ಕೂಡು ತಮ್ಮಾ ಅಂದೆ, ಕೂಡಲಿಲ್ಲ. ನೀರು ಕುಡಿ ಅಂದೆ. 'ಆಕಿ ಕುಡಿದಿಲ್ಲಬೇ, ಮಾತು ಕೊಟ್ಟೇನಿ' ಅಂದ. ಗೇಟಿನಾಗ ಬಡದಾಡಿ ಅಂಗಿ ಹರಿದಿತ್ತು. ಬೇಕಂತ ಒಯ್ದಾಂವ ಹಂಗ ನಿಲ್ತಾನೇನು?"

ದಾಕ್ಷಾಯಿಣಿ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದಳು. ವರ್ಷದಿಂದ ಒಣಗಿದ್ದ ಕಣ್ಣು ಅಂದು ಹರಿಯಿತು.

ಮರುದಿನ ಮೊದಲ ಬಸ್ಸಿಗೇ ಹೊರಟಳು. ಪೂಜೆ ಮಾಡಲಿಲ್ಲ. ನೀರೂ ಮುಟ್ಟಲಿಲ್ಲ.

ವಿದ್ಯಾನಗರದ ಆ ಮನೆಯ ಬಾಗಿಲು ತೆಗೆದವನು ಅವನೇ. ನೋಡಿದ. ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಮುಖಾ ತೋರಸಬ್ಯಾಡ ಅಂದಿದ್ರಿ..."

"ನಾನs ನೋಡಾಕ ಬಂದೇನಿ" ಎಂದಳು. "ಯಾಕ ಹೇಳಲಿಲ್ಲ ನೀವು? ಬೇಕಂತ ಅಲ್ಲ ಅಂತ ಒಂದ ಮಾತು!"

"ಹೇಳಿದ್ರ ನಿಮ್ಮ ಕುಸ್ತಿ ತಿರುಗಿ ಬರ್ತಿತ್ತೇನ್ರಿ?" ಅವನ ಕಣ್ಣು ತುಂಬಿತು. "ಅವತ್ತು ನಾ ಓಡಿದ್ದು ಊಟದ ಮಾಸ್ತರಾಗಿ ಅಲ್ಲ. ನಿಮ್ಮ ಕೈ ಅಷ್ಟು ತಣ್ಣಗಿತ್ತು... ಈಕಿ ಹೋದ್ರ ನಾ ಹೆಂಗ ಇರಲಿ ಅನ್ನಿಸ್ತು. ತಲಿ ನಿಲ್ಲಲಿಲ್ಲ. ಪ್ರೀತಿಯಿಂದ ಓಡಿದೆ, ನಿಮ್ಮ ಜೀವಾ ನನ್ನ ಕೈಯಾಗs ಒಯ್ದೆ."

ಅವಳಿಗೆ ಹೊಡೆಯಬೇಕೆನಿಸಿತು. ಅಪ್ಪಿಕೊಳ್ಳಬೇಕೆನಿಸಿತು. ಎರಡನ್ನೂ ಮಾಡಲಿಲ್ಲ.

"ಕುಸ್ತಿ ಹೋದ ಸಂಕಟ ಹೋಗೂದಿಲ್ರಿ. ನಿಮ್ಮನ್ನ ನೋಡಿದಾಗೆಲ್ಲ ನೆನಪಾಗ್ತೈತಿ. ಆದರೂ... ನೋಡದ ಇದ್ರ ಅದಕ್ಕಿಂತಾ ಹೆಚ್ಚು ಸಂಕಟ ಆಗ್ತೈತಿ."

ಅವನು ಬಾಗಿಲು ಪೂರ್ತಿ ತೆಗೆದು ಪಕ್ಕಕ್ಕೆ ಸರಿದ.

"ನಾಳೆ ತಾಲೀಮಿಗೆ ಬರ್ರಿ. ಮುಸ್ಕಾನ್ ಐವತ್ತೇಳರಾಗs ಆಡ್ತಾಳ. ಆಕಿ ಊಟಾ ನೀವು ನೋಡ್ರಿ, ಪಟ್ಟು ನಾ ನೋಡ್ತೇನಿ. ಈಗ... ದೇವರ ಕ್ವಾಣಿ ಎಲ್ಲೈತಿ? ಅಂಬಲಿ ಕಾಸೂದು ಮರ್ತೀರೋ ಹೆಂಗ?"

ಅವನ ಮುಖ ಕಂಡು ಕಲ್ಲೂ ಕರಗಬೇಕು!

ಅವಳು ಕೂತು, ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದಳು. ಅಡುಗೆಮನೆಯಿಂದ ಜೋಳದ ಹಿಟ್ಟು ಕುದಿಯುವ ವಾಸನೆ ಬರುತ್ತಿತ್ತು. ಕಣ್ಣು ತೆರೆದಾಗ ಅವನು ಎದುರಿಗೆ ಮೊಣಕಾಲೂರಿ ಕೂತಿದ್ದ. ಕೈಯಲ್ಲಿ ಲೋಟ.

"ಉಪ್ಪು...?" ಎಂದಳು.

"ಹಾಕಿಲ್ಲ. ನಿಮಗ ಬ್ಯಾಡಂದಾರಲ್ಲ. ಅಜ್ಜಿಗೆ ವಾರಾ ವಾರಾ ಫೋನ್ ಮಾಡಿ ಕೇಳ್ತೇನಿ."

"ಕಳ್ಳರು ಇಬ್ಬರೂ!" ಅವಳು ನಕ್ಕಳು. ನಗುವಿನ ನಡುವೆಯೇ ಕಣ್ಣೀರು ಇಳಿಯಿತು. "ಸಪ್ಪನ ಅಂಬಲಿ ಹೆಂಗ ಕುಡೀಲಿ ದಿನಾ?"

"ದಿನಾ...?" ಎಂದ ಅವನು.

"ಹೂಂ. ದಿನಾ."

ಅವನು ಲೋಟವನ್ನು ಅವಳ ತುಟಿಗೆ ಹಿಡಿದ. ದಾಕ್ಷಾಯಿಣಿ ಅವನನ್ನೇ ನೋಡುತ್ತಾ ಮೊದಲನೇ ಗುಟುಕು ಕುಡಿದಳು.