ಉಪ್ಪಲ್ ಹಾಸ್ಟೆಲಿನ ‘ನಿನ್ನ ಕಾಲು’

“ನನ್ನ ಮಗಳ ಕಾಲು ಮುರೀಬೇಕಂತ ಕುಂತಾನ್ರಿ ಅಕ್ಕಾರ. ಇಬ್ಬರು ಹುಡುಗ್ಯಾರದು ಮುಗೀತು. ಆ ಖೋಲ್ಯಾಗ ಉಳಿದಾಕಿ ಇಕಿ ಒಬ್ಬಾಕೀನ.”

ಗದಿಗೆಮ್ಮ ಹೀಗೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಾಗ ಸುಮಂಗಲಾ ಮಿರ್ಚಿ ಭಜಿ ತಿನ್ನುತ್ತಿದ್ದಳು. ಹೈದರಾಬಾದಿನ ಕೋಠಿಯಲ್ಲಿರುವ ನನ್ನ ಅರಿವೆ ಅಂಗಡಿಯ ಮೇಲಿನ ಕೋಣೆಯೇ ಅವಳ ಪತ್ತೇದಾರಿ ಕಚೇರಿ. ಮಾಲೀಕ ನಾನು, ಬಾಡಿಗೆಗೆ ಇರುವವಳು ಆಕೆ. ಆದರೂ ಕೇಸು ಬಂದಾಗಲೆಲ್ಲ ಅಂಗಡಿ ಬಿಟ್ಟು ಅವಳ ಬೆನ್ನು ಹತ್ತಿ ಓಡುವವನು ನಾನೇ. ಇದಕ್ಕೆ ನನ್ನ ಹೆಂಡತಿ ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

“ಯಾರು ಮುರೀತೀನಿ ಅಂದಾಂವ?” ಎಂದಳು ಸುಮಂಗಲಾ.

“ಯಾದಗಿರಿರಿ.”

“ಊರು ಕೇಳಲಿಲ್ಲ ತಾಯಿ, ಹೆಸರು ಹೇಳು,” ಎಂದೆ ನಾನು.

“ಅದ ಆ ಮನಷ್ಯಾನ ಹೆಸರರಿ ಯಪ್ಪಾ. ನಮ್ಮೂರು ಸೈತ ಯಾದಗಿರಿ ಜಿಲ್ಲಾದಾಗ ಐತಿ. ಅಂವ ತೆಲುಗಿನಾಂವ.”

ಶುರುವಿಗೇ ನನ್ನ ತಲೆ ಕೆಟ್ಟಿತು.

ಗದಿಗೆಮ್ಮ ಕಟ್ಟಡ ಕೆಲಸದವಳು. ಮಗಳು ಕಾವ್ಯಾ ಉಪ್ಪಲ್‌ನ ಒಂದು ಖಾಸಗಿ ಕ್ರೀಡಾ ಹಾಸ್ಟೆಲಿನಲ್ಲಿದ್ದು ಹರ್ಡಲ್ಸ್ ಓಡುತ್ತಾಳೆ. ಈ ವರ್ಷ ಹೊಸದಾಗಿ ಸೇರಿದ ಮೂವರು ಕನ್ನಡದ ಹುಡುಗಿಯರಿಗೆ ಒಂದೇ ಕೋಣೆ. ಅವರಲ್ಲಿ ಶಿವದೇವಿ ಹರ್ಡಲ್‌ಗೆ ಎಡವಿ ಪಾದದ ಎಲುಬು ಮುರಿದುಕೊಂಡಳು. ಭಾಗ್ಯಶ್ರೀ ತೊಡೆಯ ಸ್ನಾಯು ಹರಿದುಕೊಂಡು ಊರು ಸೇರಿದಳು. ಯಾದಗಿರಿ ಮೈದಾನದಲ್ಲಿ ಹರ್ಡಲ್ ಜೋಡಿಸುವ ಕೆಲಸದವನು. ಭಾನುವಾರ ಆಯ್ಕೆಯ ಓಟ. ಅದರಲ್ಲಿ ಗೆದ್ದರೆ ಕಾವ್ಯಾಳಿಗೆ ದೊಡ್ಡ ಕ್ರೀಡಾಶಾಲೆಯಲ್ಲಿ ಜಾಗ ಸಿಗುತ್ತಿತ್ತು, ಕಾಲು ಮುರಿದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ನಾವು ಹೋದಾಗ ಕೋಚ್ ರವಿಕಿರಣ ಪೊಲೀಸರಿಗೆ ಫೋನು ಹಚ್ಚುವ ಅವಸರದಲ್ಲಿದ್ದ. ಬೀದರ್ ಕಡೆಯವನು, ಕೊರಳಲ್ಲಿ ಸೀಟಿ, ಮುಖದ ತುಂಬ ಸಿಟ್ಟು.

“ಇದರಾಗ ಪತ್ತೆ ಮಾಡೂದು ಏನೈತ್ರಿ? ಪೆಟ್ಟಾಗಿದ್ದು ಆ ಒಂದು ಖೋಲಿ ಹುಡುಗ್ಯಾರಿಗೆ ಅಷ್ಟ. ಶಿವದೇವಿ ಬಿದ್ದ ದಿನಾನ ಯಾದಗಿರಿ ಒಂದು ಹರ್ಡಲ್ ಹೊತಗೊಂಡು ಹೊರಗ ಹೋಗಿದ್ದನ್ನ ನಾನ ನೋಡೀನಿ. ಸಾಕ್ಷಿ ಮುಚ್ಚಾಕತ್ತಿದ್ದ.”

“ಆಕಿ ಬಿದ್ದದ್ದು ಆ ಹರ್ಡಲ್‌ಗೇನ?”

“ಅಲ್ರಿ, ಬ್ಯಾರೇದಕ್ಕ. ಅದು ಸರಿ ಐತಿ.”

“ಭಾಗ್ಯಶ್ರೀ?”

“ಆಕಿ ಬರೇ ಓಡೂ ಮುಂದ ಬಿದ್ದಳು. ಹರ್ಡಲ್ಲ ಇರಲಿಲ್ಲ.”

ಸರಿಯಾಗಿರುವ ಹರ್ಡಲ್‌ಗೆ ಎಡವಿದವಳು ಒಬ್ಬಳು, ಹರ್ಡಲ್ಲೇ ಇಲ್ಲದೆ ಬಿದ್ದವಳು ಇನ್ನೊಬ್ಬಳು. ಹಾಗಾದರೆ ಯಾದಗಿರಿ ಮಾಡಿದ್ದಾದರೂ ಏನು? ಮಾಟವೇ? ನನಗೆ ತಳಬುಡ ತಿಳಿಯಲಿಲ್ಲ. ಸುಮಂಗಲಾ ಮಾತ್ರ ಮೈದಾನದ ಮೂಲೆಯಲ್ಲಿ ಜೋಡಿಸಿಟ್ಟಿದ್ದ ಹರ್ಡಲ್‌ಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಒಂದರ ಕಾಲಿಗೆ ಹೊಸ ವೆಲ್ಡಿಂಗ್ ಇತ್ತು, ಬಣ್ಣ ಇನ್ನೂ ಬಳಿದಿರಲಿಲ್ಲ.

ಕೋಣೆಯಲ್ಲಿ ಒಂದು ಮಂಚವನ್ನು ಬಾಗಿಲಿನ ಪಕ್ಕಕ್ಕೆ ಎಳೆದಿದ್ದರು. ನೆಲದ ಮೇಲೆ ಮಂಚ ಎಳೆದ ಗೀರುಗಳು ತುಂಬ ಇದ್ದವು. ಕಿಟಕಿಯಲ್ಲಿ ಚಹಾದ ಕಪ್ಪುಗಳ ಸಾಲು. ಕಾವ್ಯಾಳ ಕಣ್ಣುಗಳು ಕೆಂಪಗೆ ಬಾತಿದ್ದವು. ಅತ್ತಿರಬೇಕು, ಪಾಪ ಎಂದುಕೊಂಡೆ.

“ಅಂವ ಅಂದದ್ದು ಏನು? ಅಂದಂಗ ಹೇಳು, ಕೂಸ,” ಎಂದಳು ಸುಮಂಗಲಾ.

“ಈ ಕಿಡಕಿ ಮುಂದ ನಿಂತು, ನನ್ನ ಕಡೆ ಮಾರಿ ಮಾಡಿ, ‘ನಿನ್ನ ಕಾಲು ವಿರಿಗಿಂದಿ’ ಅಂದಾನ್ರಿ. ಅಲ್ಲಿ ಬ್ಯಾರೆ ಯಾರೂ ಇರಲಿಲ್ಲ. ವಿರಿಗಿಂದಿ ಅಂದ್ರ ಮುರೀತು ಅಂತ ಮೈದಾನದಾಗ ಕಲ್ತಿದ್ದೆ. ನಿನ್ನ ಕಾಲು ಮುರೀತು ಅಂತ ತಿಳ್ಕೊ ಅಂದಂಗ. ಅದಾದ ಮ್ಯಾಲ ಶಿವದೇವಿ ಬಿದ್ದಳು.”

“ಅಂವನ ಕಿವ್ಯಾಗ ಏನರ ಇತ್ತೇನು?”

“ಇದ್ದೀತ್ರಿ. ಯಾವಾಗಲೂ ವಾಯರ್ ಹಾಕ್ಕೊಂಡಿರ್ತಾನ.”

ಸುಮಂಗಲಾ ನನ್ನತ್ತ ನೋಡಿ ನಕ್ಕಳು. ಇಷ್ಟು ವರ್ಷ ಹೈದರಾಬಾದಿನಲ್ಲಿ ತೆಲುಗಿನಲ್ಲಿ ವ್ಯಾಪಾರ ಮಾಡಿದ ನನಗೆ ಆ ನಗು ಯಾಕೆಂದು ಹೊಳೆಯಲಿಲ್ಲ. ನನಗೆ ರೇಗಿತು.

ಸಂಜೆ ಎಲ್ಲರೂ ಊಟದ ಹಾಲ್‌ನಲ್ಲಿ ಸೇರಿದರು. ಕಾಲಿಗೆ ಪ್ಲಾಸ್ಟರ್ ಕಟ್ಟಿಸಿಕೊಂಡ ಶಿವದೇವಿ, ಕಾವ್ಯಾ, ಗದಿಗೆಮ್ಮ ಒಂದು ಬೆಂಚಿನಲ್ಲಿ ಕೂತರು. ಯಾದಗಿರಿ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ತಾನು ಯಾರ ಕಾಲನ್ನೂ ಮುರಿಯುತ್ತೇನೆ ಅಂದಿಲ್ಲವೆಂದು ಹೇಳಿ ಹೇಳಿ ಅವನ ಗಂಟಲು ಒಣಗಿತ್ತು.

ಸುಮಂಗಲಾ ಅವನನ್ನು ತೆಲುಗಿನಲ್ಲಿ ಕೇಳಿದಳು: “ಹರ್ಡಲ್ ರಿಪೇರಿಗೆ ವೆಲ್ಡರನಿಗೆ ಫೋನು ಮಾಡಿದ್ದೆಯಲ್ಲ, ಏನೆಂದೆ?”

“ನಿನ್ನ ಕಾಲು ವಿರಿಗಿಂದಿ, ರೇಪು ತೆಸ್ತಾ ಅನಿ ಚೆಪ್ಪಿನ,” ಎಂದ ಯಾದಗಿರಿ.

ಕಾವ್ಯಾ ತಾಯಿಯ ಕೈ ಹಿಡಿದುಕೊಂಡಳು. ನಾನು ಹಣೆ ಬಡಿದುಕೊಂಡೆ.

“ಅಮರೇಶಪ್ಪನವರಿಗೆ ಈಗ ತಿಳೀತು,” ಎಂದು ಸುಮಂಗಲಾ ನನ್ನತ್ತ ಬೆರಳು ತೋರಿದಳು. “ಕನ್ನಡದಾಗ ‘ನಿನ್ನ’ ಅಂದ್ರ ನಿಂದು. ತೆಲುಗಿನಾಗ ‘ನಿನ್ನ’ ಅಂದ್ರ ನಿನ್ನೆ. ನಿನ್ನೆ ಹರ್ಡಲ್ ಕಾಲು ಮುರೀತು, ನಾಳೆ ತರ್ತೀನಿ ಅಂದಾನ. ಮರುದಿನ ಹೊತಗೊಂಡು ಹೋಗಿದ್ದು ಅದನ್ನ. ಕಿವ್ಯಾಗ ಫೋನಿನ ವಾಯರ್ ಇತ್ತು, ಮಾರಿ ಅಷ್ಟ ಈ ಕಡೆ ಇತ್ತು. ಬ್ಯಾರೆ ಖೋಲ್ಯಾಗ ಎಲ್ಲಾರೂ ತೆಲುಗಿನವರು, ಅವರು ಅಂಜಲಿಲ್ಲ. ಅಂಜಿದವರು ಇವರು ಮೂವರು.”

“ಅಂಜಿದ್ರ ಕಾಲು ಮುರೀತಾವೇನ್ರಿ?” ಎಂದ ಕೋಚ್.

“ನಿದ್ದಿ ಇಲ್ಲಂದ್ರ ಮುರೀತಾವ. ಕಾವ್ಯಾ, ಬಾಗಲಾ ಕಾಯ್ತಿದ್ರಿ ಹೌದಲ್ಲ?”

ಕಾವ್ಯಾ ತಲೆಯಾಡಿಸಿದಳು. ರಾತ್ರಿ ಪಾಳಿ ಹಚ್ಚಿ, ಮಂಚ ಬಾಗಿಲಿಗೆ ಒತ್ತಿ, ಚಹಾ ಕುಡಿದು ಒಬ್ಬರಲ್ಲ ಒಬ್ಬರು ಎಚ್ಚರ ಇರುತ್ತಿದ್ದರು. ಮಲಗಿದವರಿಗೂ ನಿದ್ದೆ ಹತ್ತುತ್ತಿರಲಿಲ್ಲ. ಮೊದಲ ರಾತ್ರಿ ಎಲ್ಲರಿಗಿಂತ ಹೆಚ್ಚು ಕಾದವಳು ಶಿವದೇವಿ, ಮರುದಿನವೇ ಬಿದ್ದಳು.

“ಬೆಳೆಯೂ ವಯಸ್ಸಿನಾಗ ಮೈ ರಿಪೇರಿ ಆಗೂದು ನಿದ್ದ್ಯಾಗ. ನಿದ್ದಿ ಕೆಟ್ರ ಕಣ್ಣು ನೋಡಿದ್ದು ಕಾಲಿಗೆ ತಡಾಗಿ ಮುಟ್ಟತೈತಿ. ಹರ್ಡಲ್ ಸರಿ ಇದ್ರೂ ಪಾದ ಎತ್ತೂದು ತಡಾತು. ದಣಿದ ಸ್ನಾಯು ಹರೀತು. ಒಬ್ಬಾಕಿ ಬಿದ್ದಳು, ಅಂಜಿಕಿ ಹೆಚ್ಚಾತು, ಇನ್ನಷ್ಟು ಎಚ್ಚರ ಕುಂತರು.”

ಶಿವದೇವಿ ತನ್ನ ಪ್ಲಾಸ್ಟರ್ ನೋಡುತ್ತ ಕೇಳಿದಳು: “ಹಂಗಾದ್ರ ನನ್ನ ಕಾಲು ಮುರಿದವರು ಯಾರ್ರಿ?”

ಸುಮಂಗಲಾ ಕೋಚ್‌ನತ್ತ ತಿರುಗಿದಳು. “ಇವರು ಮೈದಾನದಾಗ ತೂಕಡಿಸಿದಾಗ ನೀವೇನು ಮಾಡಿದ್ರಿ ಸರ್?”

ರವಿಕಿರಣ ಕೊರಳಿನ ಸೀಟಿ ತೆಗೆದು ಜೇಬಿಗಿಟ್ಟ. “ಮೈಗಳ್ಳತನ ಅನ್ಕೊಂಡೆ. ಇನ್ನೂ ಹೆಚ್ಚಿಗಿ ಓಡಿಸಿದೆ. ಯಾಕ ನಿದ್ದಿ ಬರಾಕತ್ತೈತಿ ಅಂತ ಕೇಳಲಿಲ್ಲ.” ಶಿವದೇವಿಯ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. ನನಗೂ ಅವನನ್ನು ಕಂಡು ಕೆಟ್ಟದೆನಿಸಿತು.

“ಭಾನುವಾರ ನನ್ನ ಮಗಳು ಓಡೂದಿಲ್ರಿ,” ಎಂದಳು ಗದಿಗೆಮ್ಮ. “ಜಾಗ ಹೋದ್ರ ಹೋಗ್ಲಿ, ಮುಂದಿನ ವರ್ಷ ನೋಡೂಣು. ಕಾಲು ಉಳೀಲಿ.”

“ಆಕಿ ಏನಂತಾಳ ಕೇಳೂಣ್ರಿ,” ಎಂದು ಕೋಚ್ ಕಾವ್ಯಾಳತ್ತ ಬಂದ. ಅವಳು ಊಟದ ಮೇಜಿನ ಮೇಲೆ ತಲೆಯಿಟ್ಟು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಅವನು ಅವಳ ಭುಜ ಮುಟ್ಟುವಷ್ಟರಲ್ಲಿ ಯಾದಗಿರಿ ಬಾಗಿಲು ಬಿಟ್ಟು ಬಂದು ಅಡ್ಡ ನಿಂತ.

“ಲೇಪಕಂಡಿ ಸಾರ್,” ಎಂದ, ಮೆಲ್ಲಗೆ.

ಗದಿಗೆಮ್ಮ ಬೆದರಿ ನನ್ನತ್ತ ನೋಡಿದಳು. “ಏನಂದಾನ್ರಿ ಅಂವ?”

“ಎಬ್ಬಿಸಬ್ಯಾಡ್ರಿ ಅಂದ,” ಎಂದೆ.